ನೀಲಿ ಸಹಿ

ಶರಣಬಸಮ್ಮ ಚೀಲದೊಳಗಿನ ಚೀಲದಿಂದ ಆ ಕಾಗದವನ್ನು ಹೊರತೆಗೆದು ಟೀಪಾಯಿಯ ಮೇಲಿಟ್ಟಾಗ ಶಿವಪ್ಪ ಮೊದಲು ನೋಡಿದ್ದು ಅದರಲ್ಲಿ ಬರೆದದ್ದನ್ನಲ್ಲ, ಕೆಳಗಿದ್ದ ಸಹಿಯನ್ನು. ಸಹಿ ನೀಲಿಯಾಗಿತ್ತು.

"ಹದಿನೈದು ವರ್ಷ ಜತನ ಮಾಡೀನ್ರಿ ಸಾಹೇಬ್ರ," ಎಂದಳು ಆಕೆ, ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕೂತು. "ಲ್ಯಾಮಿನೇಶನ್ ಮಾಡ್ಸಿ ದೇವರ ಫೋಟೋದ ಬಾಜೂಕ ತೂಗಹಾಕಿದ್ದೆ. ನಿಮ್ಮ ಸಹಿ ಅದ, ಶಿಕ್ಕಾ ಅದ. ಇದನ್ನ ತೋರ್ಸಿದ್ರೂ ನಿನ್ನ ಹೆಸ್ರು ಯಾದಿದಾಗ ಇಲ್ಲ ಅಂತಾರ್ರಿ."

ಸರ್ವೋತ್ತಮ ಬಂಗೇರರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಆಪರೇಶನ್ ಎಂದರೆ 'ಮುಂದಿನ ತಿಂಗಳು' ಎನ್ನುವುದು ಅವರ ಅಭ್ಯಾಸ. ಹಸಿರು, ನೀಲಿ, ಬೂದಿ ಎಲ್ಲವೂ ಅವರಿಗೆ ಈಗ ಒಂದೇ. ಲೆಟರ್‌ಹೆಡ್ಡಿನ ಮೇಲಿದ್ದ ತಮ್ಮ ಹೆಸರಿನ ದಪ್ಪ ಅಕ್ಷರಗಳು ಮಾತ್ರ ಕಂಡವು. ಅಷ್ಟಕ್ಕೇ ಮುಖ ಅರಳಿತು.

"ನಮ್ಮದೇ ಪತ್ರ ಮಾರಾಯ ಶಿವಪ್ಪ! ತಾರೀಕು ಎಂತ ಉಂಟು ನೋಡು."

"ಹದಿಮೂರು ಡಿಸೆಂಬರ್, ತೊಂಬತ್ತೊಂಬತ್ತು ಐತ್ರಿ," ಎಂದ ಶಿವಪ್ಪ.

ಡೊಂಬಿವಲಿಯ ಆ ಎರಡನೇ ಮಾಳಿಗೆಯ ಮನೆಗೆ ಅಹವಾಲು ಹಿಡಿದುಕೊಂಡು ಒಬ್ಬರು ಬಂದು ಎಷ್ಟು ತಿಂಗಳಾಗಿತ್ತೋ! ಬಾಗಿಲಿನ ಹಿತ್ತಾಳೆಯ ಫಲಕದಲ್ಲಿ 'ಮಾಜಿ' ಎಂಬುದನ್ನು ಇರುವೆಯಷ್ಟು ಸಣ್ಣದಾಗಿಯೂ 'ಆಮದಾರ' ಎಂಬುದನ್ನು ಅಂಗೈಯಷ್ಟು ದೊಡ್ಡದಾಗಿಯೂ ಕೆತ್ತಿಸಿದವನು ಶಿವಪ್ಪನೇ. ಶಾಸಕರಾಗಿದ್ದ ಸಾಹೇಬರು ಸೋತು ಹನ್ನೊಂದು ವರ್ಷವಾದರೂ ಆತ ದಿನಾ ಒಂಬತ್ತಕ್ಕೆ ಬಂದು, ಹಾಲ್‌ನ ಮೂಲೆಯ ಮೇಜಿಗೆ ಕೂತು, ಪೇಪರು ಓದಿ ಹೇಳಿ, ಹನ್ನೆರಡಕ್ಕೆ ಎದ್ದು ಹೋಗುತ್ತಿದ್ದ. ಸಂಬಳ ನಿಂತದ್ದು ಯಾವಾಗ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಒಳಗಿನಿಂದ ಸಾಹೇಬರ ಹೆಂಡತಿ ಪ್ರಫುಲ್ಲಾ ಬಾಯಿ ಎರಡು ಕಪ್ಪು ಚಹಾ ಕಳಿಸುತ್ತಿದ್ದರು. ಇವತ್ತು ಮೂರು ಕಪ್ಪು ಬಂತು, ಜೊತೆಗೆ ಒಂದು ತಟ್ಟೆ ಖಾರಿ ಬಿಸ್ಕತ್ತು.

ಶರಣಬಸಮ್ಮನ ಕಷ್ಟ ಇಷ್ಟೇ. ವರ್ತಕ ನಗರದ ಹಿಂದಿನ ಗುಡ್ಡದ ಚಾಳು ಒಡೆದು ಬಿಲ್ಡರನೊಬ್ಬ ಟವರು ಕಟ್ಟುತ್ತಿದ್ದಾನೆ. ಎರಡು ಸಾವಿರದ ಇಸವಿಯ ಜನವರಿ ಒಂದಕ್ಕಿಂತ ಮುಂಚೆಯೇ ಅಲ್ಲಿದ್ದೆವೆಂದು ತೋರಿಸಿದವರಿಗೆ ಖೋಲಿ, ಉಳಿದವರಿಗೆ ರಸ್ತೆ. ಗಂಡ ತೀರಿಕೊಂಡ ಮೇಲೆ ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಗಳನ್ನು ಓದಿಸಿ ಮದುವೆ ಮಾಡಿದ ಖೋಲಿ ಅದು. ರೇಶನ್ ಕಾರ್ಡಿನ ಮೇಲೆ ಮಾತ್ರ ಎರಡು ಸಾವಿರದ ಒಂದನೇ ಇಸವಿ ಇದೆ. ಬರುವ ಶುಕ್ರವಾರ ಕೊನೆಯ ವಿಚಾರಣೆ.

"ಅರ್ಜಿ ಕೊಟ್ಟಿದ್ದು ತೊಂಬತ್ತೊಂಬತ್ತರಾಗ್ರಿ. ಈ ಪತ್ರ ನೋಡಿ ಕೈಗೇ ವಾಪಸ್ ಕೊಟ್ರು. ಕಾರ್ಡ್ ಕೈಗಿ ಬರ್ಲಾಕ ಎರಡು ವರ್ಷ ಹಿಡೀತು. ಸಾಹೇಬ್ರ ಪತ್ರ ಇದ್ರೂ ಯಾಕ ತಡ ಆಯ್ತೋ, ಆ ದೇವ್ರು ಶರಣಬಸಪ್ಪಗೇ ಗೊತ್ತು."

ಶರಣಬಸಪ್ಪನಲ್ಲದೆ ಶಿವಪ್ಪನಿಗೂ ಗೊತ್ತಿತ್ತು. ಅವನು ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದ.

"ಚಿಂತೆ ಮಾಡ್ಬೇಡಿ ಅಮ್ಮ," ಎಂದರು ಸಾಹೇಬರು, ಬೆನ್ನು ನೆಟ್ಟಗೆ ಮಾಡಿ. "ನನ್ನ ಬಾಗಿಲಿಂದ ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ಈಗಿನ ಆಮದಾರ ಲತೀಶ ನಮ್ಮ ಹುಡುಗನೇ. ಅವನ ಪತ್ರ ತಕೊಂಡು ಬರುವ."

ಬರಿಗೈಯಲ್ಲಿ ಹೋದದ್ದಿಲ್ಲ ಎಂಬುದು ಸುಳ್ಳಲ್ಲ. ಆ ಕಾಲವೇ ಹಾಗಿತ್ತು. ತೊಂಬತ್ತೊಂಬತ್ತರ ಅಕ್ಟೋಬರದಲ್ಲಿ, ವರ್ತಕ ನಗರದಲ್ಲಿ ಚಿಕ್ಕದೊಂದು ಹೊಟೇಲು ನಡೆಸುತ್ತಿದ್ದ ಸರ್ವೋತ್ತಮ ಬಂಗೇರರು ಗೆದ್ದುಬಿಟ್ಟರು. ಗೆಲ್ಲುತ್ತಾರೆಂದು ಅವರಿಗೇ ನಂಬಿಕೆ ಇರಲಿಲ್ಲ. ಫಲಿತಾಂಶದ ದಿನ ಬೆಳಿಗ್ಗೆ ಇಡ್ಲಿ ಹಿಟ್ಟು ಎಂದಿನಷ್ಟೇ ರುಬ್ಬಿಸಿದ್ದರು. ಮಧ್ಯಾಹ್ನ ಟೆಂಪೋದ ಮೇಲೆ ನಿಲ್ಲಿಸಿ ಊರು ಸುತ್ತಿಸಿದರು. ಗುಲಾಲು ಮೆತ್ತಿಕೊಂಡ ಸಾಹೇಬರ ಹಿಂದೆ ನಿಂತು ಅವರ ಕನ್ನಡಕ ಹಿಡಿದುಕೊಂಡಿದ್ದವನು ಶಿವಪ್ಪ. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆ ಮುಚ್ಚಿ ಟೈಪಿಸ್ಟ್ ಕೆಲಸ ಹೋಗಿದ್ದ ಅವನನ್ನು ಪಿ.ಎ. ಎಂದು ಕರೆದು ಕೂರಿಸಿದ್ದರು. ಮರುದಿನ ಬೆಳಿಗ್ಗೆ ಏಳಕ್ಕೇ ಸಾಹೇಬರ ಆಗಿನ ಮನೆಯ ಮುಂದಿನ ಚಪ್ಪಲಿಗಳ ಸಾಲು ಮೆಟ್ಟಿಲಿಳಿದು ಕೆಳಗಿನ ಗೇಟು ಮುಟ್ಟಿತ್ತು. ನೆನೆದರೆ ಶಿವಪ್ಪನಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ದಿನಕ್ಕೆ ನಲವತ್ತು ಜನ, ನಲವತ್ತು ಪತ್ರ. ಶಾಲೆಗೆ, ನಳಕ್ಕೆ, ಆಸ್ಪತ್ರೆಗೆ, ಕಾರ್ಡಿಗೆ. ಕಚೇರಿಗಳವರು ಕೈಮುಗಿದರು: ಇಷ್ಟೂ ಮಾಡುವುದು ನಮ್ಮಿಂದಾಗದು, ಯಾವುದು ನಿಜವಾಗಿ ಆಗಬೇಕು ಹೇಳಿ. ಆಗ ಹುಟ್ಟಿದ್ದು ಪೆನ್ನಿನ ಏರ್ಪಾಟು. ಹಸಿರು ಸಹಿ ಇದ್ದರೆ ಕೆಲಸ ಮಾಡಿ; ನೀಲಿ ಇದ್ದರೆ ಬಂದವರ ಸಮಾಧಾನಕ್ಕೆ ಕೊಟ್ಟದ್ದು, ಬದಿಗಿಡಿ. ಸಾಹೇಬರು ಮಾತನಾಡುತ್ತ, ನಗುತ್ತ, ಪಕ್ಕಕ್ಕೆ ನೋಡದೆ ಅಂಗೈ ಚಾಚುತ್ತಿದ್ದರು. ಆ ಅಂಗೈಗೆ ಎರಡರಲ್ಲೊಂದು ಪೆನ್ನು ಇಡುವವನು ಶಿವಪ್ಪ. ಯಾವುದು ಇಡಬೇಕೆಂದು ಸಾಹೇಬರು ಮೊದಮೊದಲು ಕಣ್ಣಲ್ಲೇ ಹೇಳುತ್ತಿದ್ದರು. ಆಮೇಲೆ ಅವನಿಗೇ ಬಿಟ್ಟರು. ಒಂದು ಕ್ಷೇತ್ರದ ಎರಡು ಲಕ್ಷ ಜನರ ಹಣೆಬರಹ ಒಬ್ಬ ಟೈಪಿಸ್ಟನ ಜೇಬಿನಲ್ಲಿತ್ತು ಎಂದರೆ ಯಾರು ನಂಬುತ್ತಾರೆ? ಅವನು ಒಳಗೊಳಗೇ ಹಿಗ್ಗುತ್ತಿದ್ದ, ಅದನ್ನು ಮುಚ್ಚಿಡುವುದೇಕೆ.

ಹಸಿರಿಗಿಂತ ನೀಲಿ ಮೂರು ಪಾಲು ಹೆಚ್ಚು ಖರ್ಚಾಗುತ್ತಿತ್ತು.

ಗುರುವಾರ ಹನ್ನೊಂದರ ಲೋಕಲ್‌ಗೆ ಇಬ್ಬರೂ ಠಾಣೆಗೆ ಹೊರಟರು. ಸಾಹೇಬರು ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿದ್ದರು. ಮಾಜಿಗಳಿಗೆ ಸಿಗುವ ರೈಲು ಪಾಸು ಜೇಬಿನಲ್ಲಿತ್ತು; ಟಿ.ಸಿ. ಕೇಳಿದರೆ ತೋರಿಸಬಹುದಲ್ಲ ಎಂದು ಅವರಿಗೆ ಆಸೆ, ಆದರೆ ಯಾವ ಟಿ.ಸಿ.ಯೂ ಬರಲಿಲ್ಲ. ಹಿಂದೊಮ್ಮೆ ಇದೇ ಡಬ್ಬಿಯಲ್ಲಿ ಜನ ಎದ್ದು ಕಿಟಕಿಯ ಸೀಟು ಕೊಟ್ಟಿದ್ದರು. ಈಗ ಒಬ್ಬ ಬ್ಯಾಗಿನವನು, "ಕಾಕಾ, ಆಗೇ ಸರಕೋ," ಎಂದು ಮೊಣಕೈಯಿಂದ ದೂಡಿದ. ಸಾಹೇಬರು ಸರಿದರು.

"ಮುಂಬ್ರಾ ದಾಟಿತಾ?" ಎಂದು ಕೇಳಿದರು. "ಈಚೆಯಿಂದ ನಮ್ಮ ಕ್ಷೇತ್ರ ಶುರುವಾಗ್ತಿತ್ತಲ್ಲ, ಎಷ್ಟು ಖುಷಿ ಆಗ್ತಿತ್ತು."

"ಹೌದ್ರಿ," ಎಂದ ಶಿವಪ್ಪ. ಆ ಕ್ಷೇತ್ರ ಈಗಿರಲಿಲ್ಲ. ಗಡಿಗಳನ್ನು ಹೊಸದಾಗಿ ಎಳೆದಾಗ ಅದನ್ನು ಮೂರು ತುಂಡು ಮಾಡಿ ಮೂರು ಕಡೆಗೆ ಹಂಚಿದ್ದರು, ಹೆಸರೂ ಉಳಿದಿರಲಿಲ್ಲ. ಸಾಹೇಬರು ಮಾಜಿಯಾದಂತೆ ಅವರ ಊರೂ ಮಾಜಿಯಾಗಿತ್ತು.

ಕೋಪರಿಯಲ್ಲಿ ಸ್ಟೇಶನ್ನಿನ ಎದುರಿಗೇ ಲತೀಶನ ಕಚೇರಿ. ಏಸಿ, ಗಾಜಿನ ಬಾಗಿಲು, ಟೋಕನ್ ಕೊಡುವ ಹುಡುಗಿ. ಸಾಹೇಬರ ಹೆಸರು ಹೇಳುತ್ತಲೇ ಲತೀಶ ತಾನೇ ಹೊರಬಂದು ಕಾಲು ಮುಟ್ಟಿದ. "ಬಲೆ ಸರ್ವಣ್ಣ, ಬಲೆ, ಕುಲ್ಲುಲೆ," ಎಂದು ತುಳುವಿನಲ್ಲಿ ಕರೆದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಶಾಲು ಬಂತು, ತೆಂಗಿನಕಾಯಿ ಬಂತು, ಫೋಟೋ ತೆಗೆದದ್ದಾಯಿತು. "ನಾನು ರಾಜಕೀಯ ಕಲಿತದ್ದೇ ಸರ್ವಣ್ಣನ ಆಫೀಸಲ್ಲಿ. ಶಿವಪ್ಪಣ್ಣನ ಪಕ್ಕ ಸ್ಟೂಲ್ ಹಾಕಿ ಕೂತು," ಎಂದು ಅಲ್ಲಿದ್ದವರಿಗೆಲ್ಲ ಹೇಳಿದ. ಸಾಹೇಬರ ಕಣ್ಣು ತುಂಬಿತು.

ವಿಷಯ ಕೇಳುತ್ತಲೇ ಪತ್ರ ಟೈಪಾಗಿ ಬಂತು. ಶಿವಪ್ಪ ಗೋಡೆ ನೋಡುತ್ತಿದ್ದ. ಅಲ್ಲಿ ತೂಗುತ್ತಿದ್ದ ಕ್ಯಾಲೆಂಡರು ವರ್ತಕ ನಗರದ ಅದೇ ಬಿಲ್ಡರನದು. ಟವರಿನ ಚಿತ್ರವೂ ಅದೇ. ಮೇಜಿನ ಮೇಲೆ ಪೆನ್ನಿನ ಸ್ಟ್ಯಾಂಡಿನಲ್ಲಿ ಎರಡೇ ಪೆನ್ನು. ಲತೀಶನ ಕೈ ಅವುಗಳ ಮೇಲೆ ಚಣಕಾಲ ನಿಂತಿತು. ನಂತರ ಒಂದನ್ನೆತ್ತಿ ಉದ್ದನೆಯ ಸಹಿ ಹಾಕಿ, ಪತ್ರವನ್ನು ಎರಡೂ ಕೈಯಲ್ಲಿ ಸಾಹೇಬರಿಗೆ ಕೊಟ್ಟ. ಕೊಡುವಾಗ ಶಿವಪ್ಪನ ಮುಖ ಮಾತ್ರ ನೋಡಲಿಲ್ಲ.

ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಾಹೇಬರು ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಂದು ಕಲ್ಯಾಣ್ ಗಾಡಿ ಹೋಯಿತು, ಎದ್ದೇಳಲಿಲ್ಲ. ಕೊನೆಗೆ ಜೇಬಿನಿಂದ ಪತ್ರ ತೆಗೆದು ಶಿವಪ್ಪನ ಮುಂದೆ ಹಿಡಿದರು.

"ಯಾವ ಬಣ್ಣ?"

ಶಿವಪ್ಪ ಗಾಡಿಯ ಬೋರ್ಡಿನ ಕಡೆ ಮುಖ ತಿರುಗಿಸಿದ.

"ಕಣ್ಣು ಹೋದದ್ದು ನನ್ನದು. ನಿನ್ನದಲ್ಲ. ಹೇಳು."

"ನೀಲಿ ಐತ್ರಿ."

ಸಾಹೇಬರು ತಲೆಯಾಡಿಸಿದರು. ಬೈಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. "ಒಳ್ಳೆ ಕಲಿಸಿದ್ದೇವೆ," ಎಂದಷ್ಟೇ ಹೇಳಿ ಪತ್ರವನ್ನು ಮಡಚಿದರು. ಶಿವಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ಸಾಹೇಬ್ರ, ಆಕಿ ಹಳೀ ಪತ್ರಾನೂ ನೀಲೀನ ಐತ್ರಿ. ನೀವು ಇಡು ಅಂದಿರಲಿಲ್ಲ. ನಾನಽ ಇಟ್ಟೆ."

"ಯಾಕೆ?"

 ಆ ವಾರ ಸಾಹೇಬರ ಹೊಟೇಲಿನ ತುಳುವರೆಲ್ಲ ಸೇರಿ ಅವನನ್ನು ಗೇಲಿ ಮಾಡಿದ್ದರು: ಶಿವಪ್ಪನ ಪೆನ್ನು ಬಿಜಾಪುರ, ಗುಲ್ಬರ್ಗ ಎಂದರೆ ತಾನೇ ಹಸಿರಾಗುತ್ತದೆ ಅಂತೆ. ಅವರ ನಡುವೆ ಆ ಕಡೆಯವನು ಅವನೊಬ್ಬನೇ. ಅವನಿಗೆ ಅದು ಮನಸ್ಸಿಗೆ ನಾಟಿತ್ತು. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮಗಳ ಕೈ ಹಿಡಿದುಕೊಂಡ ಗುಲ್ಬರ್ಗದ ಹೆಣ್ಣುಮಗಳು ಬಂದು, ಎಲ್ಲರ ಎದುರಿಗೆ, "ಅಣ್ಣಾರ, ನೀವು ನಮ್ಮ ಕಡಿಯವ್ರು, ನಂದೊಂದು ಮಾಡಿಕೊಡ್ರಿ," ಎಂದಳು. ಹೊಟೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಅಂಗೈ ಚಾಚಿದರು. ಶಿವಪ್ಪ ಎಲ್ಲರಿಗೂ ಕಾಣುವಂತೆ ನೀಲಿ ಇಟ್ಟ. ತನ್ನ ನಿಷ್ಪಕ್ಷಪಾತಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಇದೆಲ್ಲವನ್ನೂ ತಡವರಿಸುತ್ತ ಹೇಳಿದ. ಸಾಹೇಬರು ಹಳಿಗಳ ಕಡೆ ನೋಡುತ್ತ ಕೇಳಿದರು.

"ಜಾವಕ್ ಪುಸ್ತಕ ಉಂಟಾ ಇನ್ನೂ?"

ಹೊರಗೆ ಹೋದ ಪ್ರತಿ ಪತ್ರವನ್ನು ನಂಬರು, ತಾರೀಕು, ಹೆಸರು, ವಿಳಾಸ ಸಮೇತ ಬರೆದಿಟ್ಟ ಪುಸ್ತಕ. ಐದು ವರ್ಷದ ಹನ್ನೊಂದು ಪುಸ್ತಕಗಳು ಶಿವಪ್ಪನ ಮಂಚದ ಕೆಳಗೆ, ಟ್ರಂಕಿನಲ್ಲಿ, ಬೇವಿನೆಲೆ ಹಾಕಿಕೊಂಡು ಮಲಗಿದ್ದವು.

"ಅದಾವ್ರಿ. ಆದ್ರ..." ಶಿವಪ್ಪನಿಗೆ ಗಾಬರಿಯಾಯಿತು. "ಎಲ್ಲಾ ಹೆಸರಿನ ಮುಂದ ಬಣ್ಣದ ಗುರುತು ಹಾಕೀನ್ರಿ. ಹಸರು, ನೀಲಿ. ತೆರದ್ರ ಯಾರಿಗರೆ ಕಣ್ಣಿಗೆ ಬೀಳ್ತಾವು. ಬರೂ ತಿಂಗಳ ಕನ್ನಡ ಸಂಘದವ್ರು ನಿಮಗ ಸನ್ಮಾನ ಇಟ್ಕೊಂಡಾರ. ಸನ್ಮಾನ ಪತ್ರದಾಗ, ಯಾರೂ ಬರಿಗೈಲೆ ಹೋಗಲಿಲ್ಲ ಅಂತ ನಾನಽ ಬರದೀನಿ. ಐದು ವರ್ಷದ ಹೆಸರು ಮಣ್ಣಾಗತೈತ್ರಿ."

"ಆ ಅಮ್ಮನ ಹೆಸರು ಅದರಲ್ಲಿ ಉಂಟಾ ಇಲ್ವಾ?"

"ಐತ್ರಿ."

"ಹಾಗಾದ್ರೆ ತಾ."

ಮುಂದಿನ ಗಾಡಿ ಬಂತು. ಇಬ್ಬರೂ ಹತ್ತಿದರು.

ಶುಕ್ರವಾರದ ವಿಚಾರಣೆ ವರ್ತಕ ನಗರದ ಹತ್ತಿರದ ಒಂದು ಸರಕಾರಿ ಕಟ್ಟಡದಲ್ಲಿ. ಕಾರಿಡಾರಿನ ತುಂಬ ಚೀಲ ಹಿಡಿದ ಜನ. ಒಬ್ಬಿಬ್ಬರು ವಯಸ್ಸಾದವರು ಸಾಹೇಬರ ಗುರುತು ಹಿಡಿದು, "ಆಮದಾರ್ ಸಾಹೇಬ್!" ಎಂದು ಎದ್ದು ನಿಂತರು. ಹಿಂದಿನಂತಾಗಿದ್ದರೆ ಶಿವಪ್ಪ ಅವರನ್ನು ಸರಿಸಿ ನೇರ ಒಳಗೆ ಕರೆದೊಯ್ಯುತ್ತಿದ್ದ. ಸಾಹೇಬರು ಬೇಡವೆಂದು, ಶರಣಬಸಮ್ಮನ ಪಕ್ಕ ಬೆಂಚಿನ ಮೇಲೆ ಕೂತು ನಂಬರಿಗಾಗಿ ಕಾದರು. ಎರಡು ತಾಸು ಕಾದರು.

ಅಧಿಕಾರಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಲತೀಶನ ಪತ್ರವನ್ನು ಸಾಹೇಬರು ಜೇಬಿನಿಂದ ತೆಗೆಯಲೇ ಇಲ್ಲ. ಶಿವಪ್ಪ ಪುಸ್ತಕ ತೆರೆದು ತೋರಿಸಿದ: ಹದಿಮೂರನೇ ಡಿಸೆಂಬರ್, ನಂಬರು ಎರಡು ಸಾವಿರದ ನೂರ ಹನ್ನೆರಡು, ಶರಣಬಸಮ್ಮ, ಗುಡ್ಡದ ಚಾಳು, ಖೋಲಿ ನಂಬರು ಒಂಬತ್ತು, ರೇಶನ್ ಕಾರ್ಡಿಗಾಗಿ. ಆಕೆ ಪುಟ ತಿರುವಿದಳು, ಹಿಂದೆ ತಿರುವಿದಳು.

"ಇಂಥ ಪುಸ್ತಕ ಹೋದ ವಾರ ಕೂತು ಬರೆದದ್ದಲ್ಲ ಅಂತ ಹೇಗೆ ನಂಬಲಿ? ಈ ಬಣ್ಣದ ಗುರುತುಗಳೇನು?" ಎಂದು ಮರಾಠಿಯಲ್ಲಿ ಕೇಳಿದಳು.

ಶಿವಪ್ಪ ರಾತ್ರಿಯಿಡೀ ಒಂದು ಉತ್ತರ ಹೊಂದಿಸಿಕೊಂಡಿದ್ದ. ಹಸಿರು ಎಂದರೆ ಟಪಾಲಿನಲ್ಲಿ ಹೋದದ್ದು, ನೀಲಿ ಎಂದರೆ ಕೈಯಲ್ಲಿ ಕೊಟ್ಟದ್ದು. ಅವನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಸಾಹೇಬರ ಕೈ ಅವನ ಮಂಡಿಯನ್ನು ಒತ್ತಿತು.

"ಹಸಿರು ಎಂದರೆ ಕೆಲಸ ಮಾಡಿ ಎಂದು ಕಚೇರಿಗೆ ಸೂಚನೆ," ಎಂದರು ಸಾಹೇಬರು, ಸದನದಲ್ಲಿ ಮಾತನಾಡುತ್ತಿದ್ದ ಅದೇ ನಿಧಾನದ ಮರಾಠಿಯಲ್ಲಿ. "ನೀಲಿ ಎಂದರೆ ಮಾಡಬೇಡಿ ಎಂದು. ಇವರದು ನೀಲಿ. ಅದಕ್ಕೇ ಕಾರ್ಡು ಎರಡು ವರ್ಷ ತಡವಾಯಿತು. ಇವರು ಆಗಲೂ ಅಲ್ಲೇ ಇದ್ದರು. ತಪ್ಪು ನನ್ನದು. ಬೇಕಾದರೆ ಬರೆದುಕೊಡುತ್ತೇನೆ."

ಅಧಿಕಾರಿ ಆ ಪುಟವನ್ನೂ ಸಾಹೇಬರನ್ನೂ ಮತ್ತೆ ಮತ್ತೆ ನೋಡಿದಳು. "ಸುಳ್ಳು ಪುಸ್ತಕ ಬರೆಯುವವರು ತಮ್ಮ ಮೇಲೇ ತಪ್ಪು ಹಾಕಿಕೊಂಡು ಬರೆಯುವುದಿಲ್ಲ," ಎಂದಳು ಕೊನೆಗೆ. ಹೇಳಿಕೆ ಬರೆಸಿಕೊಂಡಳು, ಸಹಿ ಮಾಡಿಸಿಕೊಂಡಳು, ಪುಟದ ಜೆರಾಕ್ಸ್ ಇಟ್ಟುಕೊಂಡಳು. ಪೂರಕ ಯಾದಿಯಲ್ಲಿ ಹೆಸರು ಬರುತ್ತದೆ, ಹದಿನೈದು ದಿನ ಬಿಟ್ಟು ಬಂದು ನೋಡಿ ಎಂದಳು.

ಸಾಹೇಬರು ಕಾರಿಡಾರಿನ ಬೆಂಚಿನ ಮೇಲೆ ಕೂತರು; ಉಳಿದಿಬ್ಬರು ಹೊರಗೆ ಬಂದರು. ಹದಿನೈದಿಪ್ಪತ್ತು ವರ್ಷ ಠಾಣೆಯಲ್ಲಿ ಮನೆಗೆಲಸ ಮಾಡಿದ ಶರಣಬಸಮ್ಮನಿಗೆ ಮರಾಠಿ ತಿಳಿಯದೇ ಇರುತ್ತದೆಯೇ? ಶಿವಪ್ಪ ಅವಳ ಮುಂದೆ ನಿಂತ. ಕೈ ಎಲ್ಲಿಡಬೇಕೆಂದು ತೋಚಲಿಲ್ಲ.

"ಸಾಹೇಬ್ರದು ತಪ್ಪಲ್ಲಬೇ ಯವ್ವಾ. ಪೆನ್ನು ಇಟ್ಟಾಂವ ನಾನು."

"ನೀವಾ?" ಅವಳು ನಂಬದವಳಂತೆ ನೋಡಿದಳು. "ನಮ್ಮ ಕಡಿಯವ್ರು ಅಂತ ನಿಮ್ಮ ಮುಂದ ಬಂದು ನಿಂತಿದ್ದೆನಲ್ರಿ ನಾ."

"ನಮ್ಮ ಕಡಿಯಾಕಿ ಅಂತನ ಇಟ್ಟೆ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಚೀಲ ಬಿಚ್ಚಿದಳು, ಒಳಗಿನ ಚೀಲ ಬಿಚ್ಚಿದಳು, ಲ್ಯಾಮಿನೇಶನ್ ಮಾಡಿಸಿದ ಆ ಕಾಗದವನ್ನು ತೆಗೆದಳು. ಮೇಲೆ ಎರಡು ತೂತು, ಅದರಲ್ಲಿ ದೇವರ ಫೋಟೋದ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದ ಕೆಂಪು ದಾರ. ಒಂದು ಮೂಲೆಗೆ ಕುಂಕುಮ ಮೆತ್ತಿತ್ತು. ಸೆರಗಿನಿಂದ ಆ ಕುಂಕುಮವನ್ನು ಮಾತ್ರ ಒರೆಸಿಕೊಂಡು ಕಾಗದವನ್ನು ಅವನ ಕೈಗೆ ಕೊಟ್ಟಳು.

"ಇದು ನಿಮ್ಮ ಬಲ್ಲೇ ಇರ್ಲಿ," ಎಂದಳು. ಸಾಹೇಬರಿದ್ದ ಕಡೆಗೆ ತಿರುಗಿ ಕೈಮುಗಿದಳು. ಗೇಟು ದಾಟಿ, ಶೇರ್ ರಿಕ್ಷಾದ ಸಾಲಿನಲ್ಲಿ ನಿಂತಳು. ಹಿಂದೆ ನೋಡಲಿಲ್ಲ.

ಶಿವಪ್ಪ ಕಾಗದವನ್ನು ಜಾವಕ್ ಪುಸ್ತಕದ ಆ ಪುಟದೊಳಗಿಟ್ಟು ಒಳಗೆ ಬಂದ.

ಕಾರಿಡಾರಿನ ಬೆಂಚಿನ ಮೇಲೆ ಸಾಹೇಬರ ಎರಡೂ ಬದಿಗೆ ಜನ ಕೂತಿದ್ದರು. ಮುದುಕನೊಬ್ಬ ಫಾರ್ಮನ್ನು ಅವರ ತೊಡೆಯ ಮೇಲಿಟ್ಟು, ಇದರಲ್ಲಿ ಏನು ತುಂಬಬೇಕು ಎಂದು ಕೇಳುತ್ತಿದ್ದ. ಅವನ ಹಿಂದೆ ಇನ್ನೂ ಮೂವರು ಫಾರ್ಮು ಹಿಡಿದು ನಿಂತಿದ್ದರು. ಸಾಹೇಬರು ಅವನ ಮಾತು ಕೇಳುತ್ತ, ಪಕ್ಕಕ್ಕೆ ನೋಡದೆ, ಅಂಗೈ ಚಾಚಿದರು.

ಶಿವಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು. ಎರಡೂ ಪೆನ್ನು ಅಲ್ಲೇ ಇದ್ದವು, ಯಾವಾಗಿನಂತೆ. ಅವನು ಹಸಿರಿನದನ್ನು ತೆಗೆದ. ಫಾರ್ಮಿನ ನೆತ್ತಿಯ ಮೇಲೆ, ನೀಲಿ ಅಥವಾ ಕಪ್ಪು ಶಾಯಿಯಲ್ಲೇ ತುಂಬಬೇಕು ಎಂದು ಅಚ್ಚಾಗಿತ್ತು.

ಹಸಿರನ್ನು ವಾಪಸು ಸಿಕ್ಕಿಸಿ ನೀಲಿಯನ್ನು ಅಂಗೈಗಿಟ್ಟ. ಸಾಹೇಬರು ಫಾರ್ಮನ್ನು ಮೂಗಿನ ಹತ್ತಿರ ತಂದುಕೊಂಡು, "ಹೆಸರು ಹೇಳಿ, ನಿಧಾನ ಹೇಳಿ," ಎಂದು ಒಂದೊಂದೇ ಅಕ್ಷರ ಬರೆಯತೊಡಗಿದರು. ಅಕ್ಷರ ಗೆರೆ ಬಿಟ್ಟು ಹೋಗದಂತೆ ಶಿವಪ್ಪ ಕೆಳಗೆ ಬೆರಳು ಹಿಡಿದ.